ಹಿಡಿಯಿಲ್ಲದ ಬಟ್ಟಲು

"ಆ ಕಪ್ ಎಲ್ಲಿತ್ತಮ್ಮ?" ಎಂದಳು ಮುನಿತಾಯಮ್ಮ. ಕೇಳಿದ್ದು ಸೊಸೆಯನ್ನು, ನೋಡುತ್ತಿದ್ದದ್ದು ಎಡೆಯನ್ನು.

ಮಹಾಲಯ ಅಮಾವಾಸ್ಯೆಯ ಸಂಜೆ. ಹೆಗ್ಗನಹಳ್ಳಿಯ ಆ ಮೂರು ಮಹಡಿ ಮನೆಯ ನಡುಮನೆಯಲ್ಲಿ, ತೀರಿಹೋದ ಯಜಮಾನ ದೊಡ್ಡಹನುಮಯ್ಯನ ಫೋಟೋ ಮುಂದೆ ಬಾಳೆಲೆ ಹಾಸಿತ್ತು. ಮುದ್ದೆ, ಕೋಳಿಸಾರು, ವಡೆ, ಹೊಸ ಪಂಚೆ, ಬೀಡಿ ಕಟ್ಟು, ಕಾಲು ಬಾಟ್ಲಿ ಬ್ರಾಂದಿ, ಒಂದು ಚೊಂಬು ನೀರು. ಪಕ್ಕದಲ್ಲಿ ಬಿಳಿ ಮೈಯ, ನೀಲಿ ಬಳ್ಳಿಯ ಪಿಂಗಾಣಿ ಬಟ್ಟಲು. ಹಿಡಿ ಮುರಿದು ಬಹಳ ಕಾಲವಾಗಿತ್ತು. ಅದರ ತುಂಬ ಬೆಲ್ಲದ ಕಾಫಿ.

"ನಿಮ್ಮ ಟ್ರಂಕಲ್ಲೇ ಇತ್ತು ಅತ್ತೆ," ಎಂದಳು ಕುಸುಮಾ. "ಧಾರೆ ಸೀರೇಲಿ ಸುತ್ತಿಟ್ಟಿದ್ರಿ. ಇಷ್ಟು ಜೋಪಾನ ಮಾಡಿದೀರ ಅಂದ್ರೆ ಮಾವಂದೇ ತಾನೇ?"



ಬ್ರಿಟಿಷರ ದಂಡಿಗೆ ಗಾಡಿಯಲ್ಲಿ ಹುಲ್ಲು ಹೊಡೆಯುತ್ತಿದ್ದ ಯಜಮಾನನ ತಾತನಿಗೆ ದೊರೆಯೊಬ್ಬ ಊರು ಬಿಡುವಾಗ ಕೊಟ್ಟದ್ದಂತೆ ಆ ಬಟ್ಟಲು. ಅತ್ತೆಯಿಂದ ಸೊಸೆಗೆ ಇಳಿಯುತ್ತ ಬಂದು ಮುನಿತಾಯಮ್ಮನಲ್ಲಿ ನಿಂತಿತ್ತು.

ಯಜಮಾನ ಸತ್ತು ನಾಲ್ಕು ವರ್ಷ. ಪ್ರತಿ ವರ್ಷ ಎಡೆ ಇಟ್ಟು, ಹಿರಿಯರು ಉಂಡುಹೋಗಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವರು. ತೆರೆದು ನೋಡಿದರೆ ಒಂದು ಅಗುಳೂ ಕದಲಿರುತ್ತಿರಲಿಲ್ಲ. ಮಗ ಭೈರೇಶ ಅದಕ್ಕೇ ಕೊರಗುತ್ತಿದ್ದ. ಅಪ್ಪ ಬದುಕಿದ್ದಾಗ ಅವನನ್ನು ಒಂದು ದಿನವೂ ಹೆಗಲ ಮೇಲೆ ಕೂರಿಸಿಕೊಂಡವನಲ್ಲ. ಸಾಯುವಾಗ ಮಗ ಹಿಡಿದ ನೀರಿಗೂ ಬಾಯಿ ತೆರೆಯಲಿಲ್ಲ.

"ಸ್ಟೀಲ್ ಲೋಟಕ್ಕೆ ಬಗ್ಗಿಸಪ್ಪ," ಎಂದಳು ಮುನಿತಾಯಮ್ಮ ಮಗನಿಗೆ. "ಅವರಿಗೆ ಅದು ಆಗಲ್ಲ."

"ಇರ್ಲಿ ಬಿಡವ್ವ. ಈ ಸಲವಾದ್ರೂ ಬರ್ಲಿ."

ಭೈರೇಶ ಬಟ್ಟಲನ್ನು ಎರಡೂ ಅಂಗೈಯಲ್ಲಿ ಅವಚಿ ಎಲೆಯ ಹತ್ತಿರಕ್ಕೆ ಸರಿಸಿದ. ಹಿಡಿ ಇರುವ ಕಪ್ಪನ್ನೂ ಅವನು ಹಿಡಿಯುವುದು ಹಾಗೆಯೇ, ಚಿಕ್ಕಂದಿನಿಂದ. ಯಾರೂ ಹೇಳಿಕೊಟ್ಟದ್ದಲ್ಲ. ಕುಸುಮಾ ಅದಕ್ಕೇ ಅವನನ್ನು ಆಡಿಕೊಳ್ಳುವಳು.

ಕರ್ಪೂರ ಹಚ್ಚಿ ಕೈಮುಗಿದ. "ಅಪ್ಪಾ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊ. ಬಂದು ತಗೊ."

ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ಕೂತರು. ಒಳಗೆ ಒಮ್ಮೆ ನೀರು ಸುರಿದ ಸದ್ದಾಯಿತು. ಬಾಡಿಗೆ ಮನೆಯವರ ನಲ್ಲಿ ಇರಬೇಕು ಎಂದಳು ಕುಸುಮಾ. ಮುನಿತಾಯಮ್ಮ ಸೆರಗು ಬಿಗಿಯಾಗಿ ಹೊದ್ದಳು.

ಅರ್ಧ ಗಂಟೆಯ ಮೇಲೆ ಭೈರೇಶ ಮೂರು ಸಲ ತಟ್ಟಿ ಬಾಗಿಲು ತೆರೆದ. ಮುದ್ದೆ ಇಟ್ಟ ಹಾಗೇ ಇತ್ತು. ಬ್ರಾಂದಿ ಇಳಿದಿರಲಿಲ್ಲ. ಬೀಡಿ ಕಟ್ಟಿನ ದಾರ ಸಡಿಲವಾಗಿರಲಿಲ್ಲ.

ಚೊಂಬಿನ ನೀರು ಅರ್ಧಕ್ಕೆ ಬಂದಿತ್ತು. ಬಟ್ಟಲು ಎಡೆಯ ಹತ್ತಿರ ಇರಲಿಲ್ಲ. ಹಿತ್ತಿಲ ಬಾಗಿಲ ಹೊಸಿಲ ಪಕ್ಕದಲ್ಲಿ, ತೊಳೆದು, ಬೋರಲು ಹಾಕಿತ್ತು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮಾವ ಯಾವತ್ತು ಲೋಟ ತೊಳೆದೋರು?" ಎಂದಳು ಕುಸುಮಾ, ನಗಲು ಹೋಗಿ ನಗಲಾರದೆ.

ಭೈರೇಶನಿಗೆ ಅದು ಕೇಳಿಸಲೇ ಇಲ್ಲ. ಅವನು ಗೋಡೆಗೊರಗಿ ಅಳುತ್ತಿದ್ದ. "ಅಪ್ಪ ಬಂದಿದ್ದ ಕಣವ್ವ. ಕುಡಿದು ಹೋದ."

"ಹೂಂ ಕಣಪ್ಪ," ಎಂದಳು ಮುನಿತಾಯಮ್ಮ. ಫೋಟೋ ಕಡೆ ನೋಡಲಿಲ್ಲ.

ಹಿಡಿ ಮುರಿದ ಮೇಲೆ ಯಜಮಾನ ಆ ಬಟ್ಟಲನ್ನು ಮುಟ್ಟಿದವನಲ್ಲ. ಅದನ್ನು ಹಿತ್ತಿಲ ಸೂರಿಗೆ ಸಿಕ್ಕಿಸಿದ್ದು ಯಾವತ್ತೋ ತೀರಿಹೋದ ಜೀತದ ಕೆಂಪನಿಗಾಗಿ. ಐವತ್ತೈದು ವರ್ಷದ ಹಿಂದೆ, ಹೊಸಿಲು ದಾಟುವಂತಿಲ್ಲದ ಕೆಂಪ, ಮುನಿತಾಯಮ್ಮ ಮೇಲಿನಿಂದ ಹೊಯ್ದ ಬೆಲ್ಲದ ಕಾಫಿಯನ್ನು ಎರಡೂ ಅಂಗೈಯಲ್ಲಿ ಅವಚಿ ಕುಡಿದು, ತೊಳೆದು, ಬೋರಲು ಹಾಕಿ ಹೋಗುತ್ತಿದ್ದ.

ಭೈರೇಶ ಕರೆದದ್ದು ಅಪ್ಪನನ್ನು. ಬಂದುಹೋದವನೂ ಅಪ್ಪನೇ.