ರಿವರ್ಸ್ ಲೈಟು

ಸಂಗಮೇಶ ಕೊಂಡ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ರಿವರ್ಸ್ ಗೇರ್ ಹಾಕಿದರೆ ಹಿಂದಿನ ಲೈಟು ಹತ್ತುತ್ತಿರಲಿಲ್ಲ. ಗೇರ್‌ಬಾಕ್ಸಿನ ಸ್ವಿಚ್ಚು ಕೆಟ್ಟಿದೆ ಎಂದುಕೊಂಡು ತಾನೇ ಹೊಸದನ್ನು ಕೂರಿಸಿದ. ಲೈಟು ನೋಡಿ ಹೇಳಲು ಮಾವನನ್ನು ಕಾರಿನ ಹಿಂದೆ ನಿಲ್ಲಿಸಿದ. ಮನೆಯ ಮುಂದಿನ ದಾರಿ ಇಳಿಜಾರಿನದು.

ಬ್ರೇಕು, ಕ್ಲಚ್ಚು ಎರಡನ್ನೂ ಒತ್ತಿ ರಿವರ್ಸ್ ಹಾಕಿದ.

"ಹತ್ತೇತೇನ್ರಿ ಮಾವಾರ?"

"ಇಲ್ರೀ ಅಳಿಯಂದ್ರ."

ಇಳಿದು ವೈರು ಬಿಗಿಮಾಡಿ ಬಂದ. ಈ ಸಲ ಆತುರದಲ್ಲಿ ಬರೀ ಕ್ಲಚ್ಚು ಒತ್ತಿದ. ಕಾರು ತುಸು ಹಿಂದಕ್ಕೆ ಜಾರಿತು.

"ಹತ್ತೇತಿ! ಹತ್ತೇತಿ!" ಮಾವ ಚೀರಿದರು.

ಸಂಗಮೇಶ ಹಿಗ್ಗಿ ಹ್ಯಾಂಡ್‌ಬ್ರೇಕ್ ಎಳೆದ. "ಹಂಗಾರ ಹಿಂಗ ಇರ್ಲಿ ತಡೀರಿ, ಒಂದು ಫೋಟೋ ತಗೀತೇನಿ!"

"ಲೈಟಲ್ಲಲೇ ಹುಚ್ಚಪ್ಯಾಲಿ, ಗಾಲಿ ಹತ್ತೇತಿ, ನನ್ನ ಕಾಲಮ್ಯಾಲ!"