ನೋಡಿ ಬಂದ ಊರು

"ಇಟಲಿಯ ಬೊಲೊನ್ಯಾಕ್ಕೆ ಯಾರ್ಯಾರು ಬರ್ತೀರಿ, ಕೈ ಎತ್ತಿ," ಎಂದು ರೊತಾರು ಮೇಡಂ ಕೇಳಿದ್ದೇ ತಡ, ಹತ್ತನೇ ತರಗತಿಯ ಅಷ್ಟೂ ತಲೆಗಳು ಲವೀನಿಯಾಳ ಕಡೆ ತಿರುಗಿದವು. ಮೇಡಂ ಕೂಡ ಅವಳನ್ನೇ ನೋಡುತ್ತಿದ್ದರು.

ಲವೀನಿಯಾ ಕೈ ಎತ್ತಲಿಲ್ಲ. ಆಕಳಿಸಿದಳು.

"ಎಷ್ಟು ಸಲ ನೋಡಿದೀನೋ ನೆನಪಿಲ್ಲ, ಮೇಡಂ. ಬೋರು."

ಅವಳು ಇಟಲಿಯನ್ನು ನೋಡಿದ್ದು ಗೋಡೆಯ ಭೂಪಟದಲ್ಲಿ ಮಾತ್ರ. ಬ್ರೈಲಾ ಊರಿನ ಆ ಶಾಲೆಯಲ್ಲಿ ಅದು ಯಾವ ಹುಡುಗರಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದೇ ಬೇರೆ. ಲವೀನಿಯಾಳ ಅಮ್ಮ ಬೊಲೊನ್ಯಾದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್. ಬಾಲ್ಕನಿ ಇರುವ ಮನೆ. ಮಗಳಿಗೆ ಆಗಾಗ ಬಟ್ಟೆಯ ಪಾರ್ಸೆಲ್.

ನಿಜಕ್ಕೆ ಬಟ್ಟೆ ಬರುತ್ತಿದ್ದುದು ರೈಲು ನಿಲ್ದಾಣದ ಹಿಂದೆ, ಹಳೆ ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಅಂಗಡಿಯಿಂದ. ಅಮ್ಮ ಒಬ್ಬ ಮುದುಕಿಯ ಮನೆಯಲ್ಲಿದ್ದು, ಆಕೆಗೆ ಸ್ನಾನ ಮಾಡಿಸಿ, ಊಟ ತಿನ್ನಿಸಿ, ಹಾಸಿಗೆ ಬದಲಿಸುತ್ತಿದ್ದಳು. ಕಾಗದಪತ್ರವಿಲ್ಲದೆ ಅಲ್ಲಿ ಉಳಿದವಳು. ಒಮ್ಮೆ ಊರಿಗೆ ಬಂದರೆ ಗಡಿಯವರು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಮೂರು ವರ್ಷದಿಂದ ಬಂದಿರಲಿಲ್ಲ. ಲವೀನಿಯಾ ಅಜ್ಜಿಯ ಜೊತೆಗಿದ್ದಳು.

"ಹದಿನೈದು ಜನ ಆದ್ರೆ ಮಾತ್ರ ಬಸ್ಸು ಹೊರಡೋದು," ಎಂದರು ಮೇಡಂ. "ಶುಕ್ರವಾರದೊಳಗೆ ಗೋಡೆ ಮೇಲಿನ ಹಾಳೇಲಿ ಹೆಸರು ಬರೀರಿ. ಖರ್ಚಿನ ಚಿಂತೆ ಬಿಡಿ, ಅದನ್ನ ನಾನು ನೋಡ್ಕೋತೀನಿ."

ಈ ಮಾತಿಗೆ ತರಗತಿ ತಣ್ಣಗಾಯಿತು. ಹಿಂದಿನ ವರ್ಷದ ಪ್ರವಾಸಕ್ಕೂ ಶಾಲೆಯವರು ಹೀಗೇ ಹೇಳಿದ್ದರು. ಆಮೇಲೆ 'ಸಹಾಯ ಪಡೆದ ವಿದ್ಯಾರ್ಥಿಗಳು' ಎಂದು ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚಿದರು. ಅದರಲ್ಲಿ ಪೆತ್ರೊನೆಲಾಳ ಹೆಸರಿತ್ತು. ಅಂದಿನಿಂದ ಅವಳಿಗೆ 'ಧರ್ಮದ ಸೀಟು' ಎಂಬ ಹೆಸರು ಅಂಟಿಕೊಂಡಿತು. ಈ ಸಲ ಖರ್ಚೆಷ್ಟು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದವರ ಮನೆಯಲ್ಲಿ ದುಡ್ಡಿಲ್ಲವೆಂದೇ ಅರ್ಥ.

ಬಿಡುವಿನಲ್ಲಿ ರಜ್ವಾನ್ ಬನ್ನು ಕಡಿಯುತ್ತ ಲವೀನಿಯಾಳ ಬೆಂಚಿನ ತುದಿಗೆ ಬಂದು ಕೂತ.

"ಲೇ, ನಿಮ್ಮಮ್ಮನ ಮನೇಲಿ ನಮಗೆಲ್ಲ ಒಂದೊತ್ತು ಊಟ ಹಾಕಿಸ್ತೀಯ ತಾನೆ? ಡಾಕ್ಟರ್ ಬಾಲ್ಕನೀಲಿ ನಿಂತು ಫೋಟೋ ತೆಗೆಸ್ಕೋಬೇಕು ಕಣೇ."

ಬಸ್ಸು ಹೊರಡಬಾರದು ಎಂದು ಲವೀನಿಯಾ ತೀರ್ಮಾನಿಸಿದ್ದು ಆಗಲೇ.

"ಅಮ್ಮ ಆ ವಾರ ಊರಲ್ಲಿರಲ್ಲ. ಏನೋ ಸಮ್ಮೇಳನ. ಅಲ್ಲೇನಿದೆ ಅಂತ ಸಾಯ್ತೀಯೋ? ಎರಡು ಓರೆ ಗೋಪುರ, ಸೊಳ್ಳೆ, ಐಸ್‌ಕ್ರೀಮಿಗೂ ಕ್ಯೂ. ಮೊದಲ ಸಲ ಹೋದವ್ರು ಬಾಯಿ ಬಿಟ್ಕೊಂಡು ನೋಡ್ತಾರೆ, ಅಷ್ಟೆ."

ಮೊದಲ ಸಲ ಹೋದವನಾಗಲು ರಜ್ವಾನ್ ಸಿದ್ಧನಿರಲಿಲ್ಲ. "ನಮ್ಮ ಮಾವನೂ ಹಾಗೇ ಅಂತಿದ್ದ," ಎಂದ. ಸಂಜೆಯೊಳಗೆ ಇನ್ನೂ ನಾಲ್ಕು ಜನರ ಮಾವಂದಿರು ಹಾಗೇ ಅಂದರು. ಬುಧವಾರ ಇಬ್ಬರಿಗೆ ಬಸ್ಸಿನಲ್ಲಿ ವಾಂತಿಯಾಗುವ ತೊಂದರೆ ಶುರುವಾಯಿತು. ಒಬ್ಬಳ ಮನೆಯವರು ಪ್ಯಾರಿಸ್ಸಿಗೆ ಹೋಗುವ ಯೋಚನೆಯಲ್ಲಿದ್ದರು. ಅವಳಪ್ಪನಿಗೆ ಕೆಲಸ ಹೋಗಿ ಎಂಟು ತಿಂಗಳಾಗಿತ್ತು.

ಗುರುವಾರ ಹಾಳೆಯಲ್ಲಿ ಸರಿಯಾಗಿ ಹದಿನೈದು ಹೆಸರು ಉಳಿದಿದ್ದವು. ಕೊನೆಯದು ಪೆತ್ರೊನೆಲಾಳದು.

"ನಾನಂತೂ ಹೋಗೋಳೇ," ಎಂದಳು ಪೆತ್ರೊನೆಲಾ. "ಏನಾದ್ರೂ ಅಂದ್ಕೊಳ್ಳಿ. ನಾನು ಈ ದೇಶ ದಾಟಿಲ್ಲ. ನೋಡ್ಬೇಕು ನಂಗೆ."

"ಹೋಗು, ಯಾರು ಬೇಡ ಅಂದ್ರು," ಎಂದಳು ಲವೀನಿಯಾ, ಬಹಳ ಮೆಲ್ಲಗೆ. "ಈ ಸಲ ನಿನ್ನ ಹೆಸರನ್ನ ಎರಡು ದೇಶದ ಬೋರ್ಡಿಗೆ ಹಚ್ತಾರೆ."

ಪೆತ್ರೊನೆಲಾ ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಗೀಟೆಳೆದಳು. ಹಾಳೆ ಹರಿಯಿತು. ಲವೀನಿಯಾ ಆ ಹರುಕನ್ನೇ ನೋಡುತ್ತ ನಿಂತಳು. ಏನಾದರೂ ಹೇಳಬೇಕೆನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಂದು ಸಂಜೆ ಅಮ್ಮನ ಫೋನು.

"ಶಾಲೇಲಿ ಏನಾದ್ರೂ ವಿಶೇಷ ಇದೆಯಾ, ಪುಟ್ಟಿ?"

"ಏನಿಲ್ಲಮ್ಮ."

"ಎಲ್ಲಾದ್ರೂ ಹೋಗೋದು ಬರೋದು?"

"ಇಲ್ಲಮ್ಮ. ಯಾಕೆ?"

"ಸುಮ್ನೆ ಕೇಳಿದೆ." ಆ ಕಡೆಯಿಂದ ಮುದುಕಿ ಕರೆಯುವುದು ಕೇಳಿಸಿತು. ಅಮ್ಮ ಫೋನಿಡಲು ಸ್ವಲ್ಪ ತಡಮಾಡಿದಳು.

ಶುಕ್ರವಾರ ಮೇಡಂ ಹಾಳೆಯನ್ನು ಗೋಡೆಯಿಂದ ಕಿತ್ತರು. ಪ್ರವಾಸ ರದ್ದು. ಯಾರೂ ಬೇಸರಪಟ್ಟಂತೆ ಕಾಣಲಿಲ್ಲ. ಅಷ್ಟು ಜನ ಒಟ್ಟಿಗೆ ನಿರಾಳವಾದದ್ದನ್ನು ಆ ತರಗತಿ ಕಂಡಿರಲಿಲ್ಲ. ಲವೀನಿಯಾ ಮನೆಗೆ ಹೋಗಿ ಅಜ್ಜಿ ಬಡಿಸಿದ ಹುರುಳಿಕಾಯಿ ಸಾರನ್ನು ಎರಡು ಬಟ್ಟಲು ಉಂಡಳು.

ಸೋಮವಾರ ಮೇಡಂ ಅವಳನ್ನು ಶಿಕ್ಷಕರ ಕೋಣೆಗೆ ಕರೆದರು. ಒಳಗೆ ಬೇರೆ ಯಾರೂ ಇರಲಿಲ್ಲ.

"ಇದನ್ನ ನಿನಗೆ ತೋರಿಸಲ್ಲ ಅಂತ ಮಾತು ಕೊಟ್ಟಿದ್ದೆ," ಎಂದರು. "ಯಾರಿಗೂ ಏನೂ ತಿಳಿಯದ ಹಾಗೆ ನಡೆಸಿಬಿಡೋಣ ಅಂದ್ಕೊಂಡೆ. ನನ್ನ ಕೈಲಿ ಆಗ್ಲಿಲ್ಲ. ಓದು."

ಮಡಿಸಿದ ಕಾಗದ. ಇಟಲಿಯಿಂದ ಬಂದದ್ದು. ಅಕ್ಷರ ಅಮ್ಮನದು.

"ರೊತಾರು ಮೇಡಂ ಅವರಿಗೆ ನಮಸ್ಕಾರ. ನಾನು ನೋಡಿಕೊಳ್ಳುವ ಅಜ್ಜಿ ಹಿಂದೆ ಇಲ್ಲಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಮಗಳೊಬ್ಬಳನ್ನೇ ಕರೆಸಲು ದಾರಿಯಿಲ್ಲ, ಶಾಲೆಯ ಹೆಸರಲ್ಲಾದರೆ ಗಡಿಯಲ್ಲಿ ತಡೆಯುವುದಿಲ್ಲ, ಇಡೀ ತರಗತಿಯನ್ನೇ ಕರೆಯೋಣ ಎಂದರು. ಖರ್ಚೆಲ್ಲ ಅವರದೇ. ಆದರೆ ನನ್ನ ಹೆಸರು ಎಲ್ಲೂ ಬರುವುದು ಬೇಡ. ಮಗಳು ಗೆಳೆಯರ ಮುಂದೆ ನನ್ನನ್ನು ಡಾಕ್ಟರ್ ಮಾಡಿಟ್ಟಿದ್ದಾಳೆಂದು ಊರಲ್ಲಿರುವ ಅವಳಜ್ಜಿ ಫೋನಿನಲ್ಲಿ ಹೇಳಿದರು. ಅದು ಹಾಗೇ ಇರಲಿ.

"ಮಕ್ಕಳು ಊರು ನೋಡುವ ಹೊತ್ತಿಗೆ ನಾನು ರಸ್ತೆಯ ಆಚೆ ಬದಿ ಬಂದು ನಿಂತು, ಅವಳು ಎಷ್ಟೆತ್ತರ ಬೆಳೆದಿದ್ದಾಳೆಂದು ನೋಡಿಕೊಂಡು ಹೋಗುತ್ತೇನೆ."