ನಾಲ್ಕನೇ ಬ್ಯಾಟರಿ

ಮದುವೆ ಫೋಟೋ ತೆಗೆಯುವುದು ಮಗಳಿಗೆ ಎಂಟು ವರ್ಷದ ಕಸುಬು. ಆದರೂ ಇವತ್ತು ಕ್ಯಾಮೆರಾ ಬ್ಯಾಗನ್ನು ಮೂರು ಸಲ ತುಂಬಿ, ಮೂರು ಸಲ ಬಿಚ್ಚಿದ್ದಳು. ಎರಡು ಕ್ಯಾಮೆರಾ, ಮೂರು ಲೆನ್ಸ್ ಆದಮೇಲೆ ನಾಲ್ಕನೇ ಬ್ಯಾಟರಿಯನ್ನೂ ತುರುಕುವುದು ಕಂಡು, ಬಾಗಿಲಲ್ಲಿ ನಿಂತಿದ್ದ ಅಮ್ಮ ಗೊಣಗಿದಳು.

“ಇಪ್ಪತ್ತು ಜನ ಸೇರೋ ಮದುವೆಗೆ ಇಷ್ಟೆಲ್ಲಾ ಯಾಕೆ? ಮೊಬೈಲಲ್ಲಿ ನಾಲ್ಕು ಫೋಟೋ ತೆಗೆದ್ರೆ ಸಾಲ್ದಾ?”

“ಸುಮ್ನಿರಮ್ಮ. ಈ ಮದುವೇಲಿ ಒಂದು ಫೋಟೋ ಕೆಟ್ರೂ ನಾನಿನ್ನು ಕ್ಯಾಮೆರಾ ಮುಟ್ಟಲ್ಲ.”

“ನೋಡಿದೋರು ನಗ್ತಾರೆ ಕಣೇ.”

“ನಗಲಿ ಬಿಡು. ನಗೋ ಮುಖ ಫೋಟೋದಲ್ಲಿ ಚೆನ್ನಾಗಿ ಬರುತ್ತೆ.”

ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಮಗಳು ಜಿಪ್ ಎಳೆದು ಬ್ಯಾಗನ್ನು ಹೆಗಲಿಗೇರಿಸಿದಳು.

“ಒಂದೇ ಮಾತು. ತಾಳಿ ಕಟ್ಟೋವಾಗ ನೀನು ತೀರಾ ತಲೆ ಬಗ್ಗಿಸ್ಬೇಡಮ್ಮ, ಮುಖ ಕಾಣಲ್ಲ.”